ನೋಟಕ್ಕೂ ನಿದ್ರೆಗೂ ನಡುವೆ: ಲಿನಕ್ಸ್ ವ್ಯವಸ್ಥೆಯಲ್ಲಿ ಎಳೆಬೀಗಗಳ ಸುಧಾರಣೆಯ ಇತಿಹಾಸ

ಗಣಕಯಂತ್ರಗಳ ಇತಿಹಾಸವನ್ನು ಕುರಿತು ಬಂದಿರುವ ಬರಹಗಳಲ್ಲಿ ಬಹುಪಾಲು ಯಂತ್ರಗಳ ವೇಗವನ್ನೋ ದೊಡ್ಡ ಉದ್ಯಮಗಳ ಏಳುಬೀಳುಗಳನ್ನೋ ವಸ್ತುವಾಗಿರಿಸಿಕೊಂಡಿವೆ. ಯಂತ್ರಕ್ಕೂ ಬಳಕೆದಾರನ ತಂತ್ರಾಂಶಕ್ಕೂ ನಡುವೆ ನಿಂತು, ಯಾರ ಕಣ್ಣಿಗೂ ಬೀಳದೆ ದುಡಿಯುವ ಕೆಳಹಂತದ ಲೈಬ್ರರಿಗಳ ಕಡೆಗೆ ಇತಿಹಾಸಕಾರರ ಗಮನ ಹರಿದಿರುವುದು ಕಡಿಮೆ. ಬ್ಯಾಂಕಿನ ಲೆಕ್ಕದಿಂದ ಹಿಡಿದು ಕೈಯಲ್ಲಿರುವ ಮೊಬೈಲ್ ದೂರವಾಣಿಯವರೆಗೆ ಎಲ್ಲವೂ ಈ ಲೈಬ್ರರಿಗಳ ಕೆಲವೇ ನೂರು ಸಾಲುಗಳನ್ನು ನಂಬಿಕೊಂಡಿವೆ ಎಂಬುದನ್ನು ನೆನೆದರೆ ಈ ಉಪೇಕ್ಷೆ ಸರಿಯೆನಿಸುವುದಿಲ್ಲ. ಅಂತಹ ಸಾಲುಗಳಲ್ಲಿ ಒಂದು ವರ್ಗವಾದ ಎಳೆಬೀಗಗಳು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಹೇಗೆ ರೂಪುಗೊಂಡವು, ಅವುಗಳನ್ನು ಚುರುಕುಗೊಳಿಸುವ ಯತ್ನಗಳು ಯಾವ ಬೆಲೆಯನ್ನು ತೆತ್ತವು ಎಂಬುದು ಪ್ರಸ್ತುತ ಪ್ರಬಂಧದ ವಿಷಯ.

ಒಂದೇ ತಂತ್ರಾಂಶದೊಳಗೆ ಏಕಕಾಲದಲ್ಲಿ ಸಾಗುವ ಹಲವು ಕಾರ್ಯಧಾರೆಗಳಿಗೆ ಥ್ರೆಡ್ ಎಂದು ಹೆಸರು. ಇಲ್ಲಿ ಅದನ್ನು ಎಳೆ ಎಂದು ಕರೆಯಲಾಗಿದೆ. ಒಂದು ತಂತ್ರಾಂಶದ ಎಳೆಗಳೆಲ್ಲ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ಒಂದು ಎಳೆ ಖಾತೆಯ ಶಿಲ್ಕನ್ನು ಓದಿ, ಅದಕ್ಕೆ ನೂರು ರೂಪಾಯಿ ಕೂಡಿಸಿ, ಮರಳಿ ಬರೆಯುವಷ್ಟರಲ್ಲಿ ಮತ್ತೊಂದು ಎಳೆಯೂ ಹಳೆಯ ಶಿಲ್ಕನ್ನೇ ಓದಿದ್ದರೆ, ಎರಡು ಜಮೆಗಳಲ್ಲಿ ಒಂದು ಗುರುತಿಲ್ಲದಂತೆ ಅಳಿಸಿಹೋಗುತ್ತದೆ. ಇದನ್ನು ತಡೆಯಲು ಒಂದು ಸಲಕ್ಕೆ ಒಂದೇ ಎಳೆ ಒಳಹೋಗುವಂತೆ ಹಾಕುವ ಕಟ್ಟೇ ಬೀಗ. ಬೀಗ ಸಿಗದ ಎಳೆ ಏನು ಮಾಡಬೇಕು? ಬಾಗಿಲಲ್ಲೇ ನಿಂತು ಮತ್ತೆ ಮತ್ತೆ ನೋಡುತ್ತಿರಬಹುದು, ಇಲ್ಲವೇ ಮಲಗಿ, ಎಬ್ಬಿಸುವವರಿಗಾಗಿ ಕಾಯಬಹುದು. ಬೀಗಗಳ ಇತಿಹಾಸದಲ್ಲಿ ಎದ್ದ ಕಠಿಣ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ನೋಟಕ್ಕೂ ನಿದ್ರೆಗೂ ನಡುವಿನ ಸಣ್ಣ ಅವಕಾಶದಲ್ಲಿ ಹುಟ್ಟಿದಂಥವು.

ಪೂರ್ವಪೀಠಿಕೆ

ಈ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಮಂಡಿಸಿದವರು ನೆದರ್‌ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು. 1965ರಲ್ಲಿ ಅಮೆರಿಕದ ಗಣಕ ವಿದ್ವಾಂಸರ ಸಂಘವಾದ ಎಸಿಎಂನ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಕೇವಲ ಒಂದು ಪುಟದ್ದು. ಅದಕ್ಕೂ ಮೊದಲೇ ಎರಡು ಕಾರ್ಯಧಾರೆಗಳ ಮಟ್ಟಿಗೆ ಗಣಿತಜ್ಞ ಡೆಕ್ಕರ್ ಅವರು ಪರಿಹಾರವನ್ನು ಕಂಡುಕೊಂಡಿದ್ದರೆಂದು ಡೈಕ್‌ಸ್ಟ್ರಾ ಅವರೇ ದಾಖಲಿಸಿದ್ದಾರೆ. ಡೆಕ್ಕರ್ ಅವರ ವಿಧಾನದ ತಿರುಳು ಹೀಗೆ: ಮೊದಲು ನಿನ್ನ ಬಾವುಟವನ್ನು ಏರಿಸು, ಆಮೇಲೆ ಎದುರಿನವನ ಬಾವುಟವನ್ನು ನೋಡು. ಇಬ್ಬರೂ ಈ ಕ್ರಮವನ್ನು ತಪ್ಪದೆ ಪಾಲಿಸಿದರೆ, ಇಬ್ಬರಲ್ಲಿ ಒಬ್ಬನಾದರೂ ಇನ್ನೊಬ್ಬನನ್ನು ಕಂಡೇ ಕಾಣುತ್ತಾನೆ. ಇಬ್ಬರೂ ಪರಸ್ಪರ ಕಾಣದೆ ಒಳನುಗ್ಗುವುದು ಅಸಾಧ್ಯ. ಈ ಸರಳ ನಿಯಮವನ್ನು ನೆನಪಿನಲ್ಲಿಡುವುದು ಅಗತ್ಯ. ಅರ್ಧ ಶತಮಾನದ ಬಳಿಕ ಲಿನಕ್ಸ್‌ನಲ್ಲಿ ಅದು ಮುರಿದ ಬಗೆಯನ್ನು ಮುಂದೆ ವಿವರಿಸಲಾಗಿದೆ.

ಬಾಗಿಲಲ್ಲಿ ನಿಂತು ನೋಡುತ್ತಲೇ ಇರುವುದು ಯಂತ್ರದ ಕಾಲವನ್ನು ವ್ಯರ್ಥಗೊಳಿಸುತ್ತದೆ ಎಂಬುದನ್ನು ಮನಗಂಡ ಡೈಕ್‌ಸ್ಟ್ರಾ ಅವರು ಸೆಮಫೋರ್ ಎಂಬ ಸಾಧನವನ್ನು ರೂಪಿಸಿದರು. ಆ ಹೆಸರು ರೈಲು ಹಳಿಯ ಬದಿಯ ಕೈಮರದಿಂದ ಬಂದುದು. ಕೈಮರ ಬಿದ್ದರೆ ಬಂಡಿ ಮುಂದೆ ಹೋಗಬಹುದು, ಇಲ್ಲವಾದರೆ ನಿಲ್ಲಬೇಕು. ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಕಟ್ಟಿದ ಟಿಎಚ್‌ಇ ವ್ಯವಸ್ಥೆಯನ್ನು ಕುರಿತ 1968ರ ಲೇಖನದಿಂದ ಈ ಸಾಧನ ಪ್ರಸಿದ್ಧಿಗೆ ಬಂತು. ಕಾಯಬೇಕಾದ ಕಾರ್ಯಧಾರೆಯನ್ನು ಕಾರ್ಯಾಚರಣ ವ್ಯವಸ್ಥೆಯೇ ಮಲಗಿಸಿ, ಸಮಯ ಬಂದಾಗ ಅದೇ ಎಬ್ಬಿಸುವ ಪದ್ಧತಿ ಇಲ್ಲಿಂದ ನೆಲೆಗೊಂಡಿತು. ನೋಡುವ ಕೆಲಸವೂ ಮಲಗಿಸುವ ಕೆಲಸವೂ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೈಯಲ್ಲೇ ಇದ್ದುದರಿಂದ ಅವೆರಡರ ನಡುವೆ ಯಾರೂ ನುಸುಳುವಂತಿರಲಿಲ್ಲ.

ಆದರೆ ಈ ಭದ್ರತೆಗೆ ಬೆಲೆಯಿತ್ತು. ಯುನಿಕ್ಸ್ ಪರಂಪರೆಯ ಸಿಸ್ಟಂ ಫೈವ್ ಸೆಮಫೋರ್‌ಗಳಲ್ಲಿ ಬೀಗ ಹಾಕಲು ಒಮ್ಮೆ, ತೆಗೆಯಲು ಒಮ್ಮೆ ಕರ್ನಲ್‌ಗೆ ಕರೆ ಹೋಗಲೇಬೇಕು. ಅಕ್ಕಪಕ್ಕದ ಇಬ್ಬರೇ ಬಳಸುವ ಕೊಠಡಿಯ ಬೀಗದ ಕೈಯನ್ನು ತಾಲ್ಲೂಕು ಕಚೇರಿಯಲ್ಲಿಟ್ಟು, ಪ್ರತಿ ಸಲವೂ ಅರ್ಜಿ ಬರೆದು ಪಡೆದು, ಅರ್ಜಿ ಬರೆದು ಹಿಂದಿರುಗಿಸಿದ ಹಾಗೆ ಇದು. ಕೊಠಡಿ ಹತ್ತರಲ್ಲಿ ಒಂಬತ್ತು ಸಲ ಖಾಲಿಯೇ ಇರುತ್ತದೆ ಎಂಬುದು ಕಚೇರಿಗೆ ಮುಖ್ಯವಲ್ಲ. ವಾಸ್ತವದ ತಂತ್ರಾಂಶಗಳಲ್ಲಿ ಬೀಗಗಳಿಗೆ ಪೈಪೋಟಿ ಇಲ್ಲದ ಸಂದರ್ಭಗಳೇ ಅಧಿಕ. ಪ್ರೊಸೆಸರ್‌ಗಳಲ್ಲಿ ಅಷ್ಟರಲ್ಲಾಗಲೇ ಒಂದು ಸ್ಮೃತಿಸ್ಥಾನವನ್ನು ಅಖಂಡವಾಗಿ ಹೋಲಿಸಿ ಬದಲಿಸುವ ಆದೇಶಗಳು ಬಂದಿದ್ದವು. ಐಬಿಎಂ ಸಂಸ್ಥೆಯ ಸಿಸ್ಟಂ 370 ಮಾದರಿಯಲ್ಲಿದ್ದ ಕಂಪೇರ್ ಅಂಡ್ ಸ್ವಾಪ್ ಆದೇಶ ಇವುಗಳಲ್ಲಿ ಪ್ರಸಿದ್ಧವಾದುದು. ಖಾಲಿ ಬೀಗವನ್ನು ಇಂತಹ ಒಂದೇ ಆದೇಶದಿಂದ ಹಿಡಿಯಬಹುದಾಗಿದ್ದಾಗ ಕರ್ನಲ್‌ನ ಬಾಗಿಲಿಗೆ ಹೋಗುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಇದಕ್ಕೆ ಬಂದ ಮೊದಲ ಅಚ್ಚುಕಟ್ಟಾದ ಉತ್ತರಗಳಲ್ಲಿ ಬಿಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಬೆನಫೋರ್ ಒಂದು. ಬಿ ಸಂಸ್ಥೆಯ ವಾರ್ತಾಪತ್ರದಲ್ಲಿ 1996ರಲ್ಲಿ ವಿವರಿಸಲ್ಪಟ್ಟ ಈ ಸಾಧನಕ್ಕೆ ಅದರ ಕರ್ತೃ ಬೆನ್ವಾ ಶಿಲ್ಲಿಂಗ್ಸ್ ಅವರ ಹೆಸರಿನಿಂದಲೇ ಆ ನಾಮ ಬಂತು. ಬಳಕೆದಾರನ ಸ್ಮೃತಿಯಲ್ಲಿ ಒಂದು ಎಣಿಕೆ, ಅದರ ಹಿಂದೆ ಕರ್ನಲ್‌ನ ಒಂದು ಸೆಮಫೋರ್. ಎಣಿಕೆ ಸೊನ್ನೆಯಿಂದ ಒಂದಕ್ಕೆ ಏರಿದರೆ ಬೀಗ ದೊರೆತಂತೆ, ಸೆಮಫೋರನ್ನು ಮುಟ್ಟುವುದೇ ಬೇಡ. ಇಷ್ಟೇ. ಮುಂದೆ ಲಿನಕ್ಸ್‌ನಲ್ಲಿ ನಡೆದುದನ್ನು ಈ ವಿಚಾರದ ಪರಿಷ್ಕಾರವೆಂದು ಕರೆದರೆ ಅತಿಶಯೋಕ್ತಿಯಾಗದು. ಆದರೂ ಬೆನಫೋರ್‌ನ ಹೆಸರು ಇತಿಹಾಸಗಳಲ್ಲಿ ವಿರಳವಾಗಿಯೇ ಕಾಣಿಸುತ್ತದೆ.

ಇನ್ನೊಂದು ಪೂರ್ವಘಟನೆಯನ್ನೂ ಇಲ್ಲಿ ಉಲ್ಲೇಖಿಸಬೇಕು. ಐಬಿಎಂ ಸಂಸ್ಥೆಯ ಸಿಸ್ಟಂ ಆರ್ ಎಂಬ ದತ್ತಸಂಚಯದಲ್ಲಿ ಕಂಡ ವಿಚಿತ್ರ ನಿಧಾನವನ್ನು ಕುರಿತು ಬ್ಲಾಸ್‌ಗೆನ್, ಜಿಮ್ ಗ್ರೇ ಮತ್ತು ಸಂಗಡಿಗರು 1979ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಬೀಗವನ್ನು ಬಿಡುವಾಗ ಸಾಲಿನಲ್ಲಿ ಮೊದಲು ನಿಂತವನ ಕೈಗೇ ಅದನ್ನು ಒಪ್ಪಿಸುವುದು ನ್ಯಾಯವೆಂದು ತೋರುತ್ತದೆ. ಆದರೆ ಆ ಮೊದಲಿಗ ಇನ್ನೂ ನಿದ್ರೆಯಲ್ಲಿರುತ್ತಾನೆ. ಅವನು ಎದ್ದು ಬರುವವರೆಗೆ ಬೀಗ ಯಾರಿಗೂ ಉಪಯೋಗವಿಲ್ಲದೆ ಕೂರುತ್ತದೆ. ಬಿಟ್ಟವನೇ ಮರುಕ್ಷಣ ಮತ್ತೆ ಬಂದರೂ ಸಾಲಿನ ಕೊನೆಗೆ ಹೋಗಬೇಕು. ಹೀಗೆ ಒಮ್ಮೆ ಬೆಳೆದ ಸಾಲು ಕರಗುವುದೇ ಇಲ್ಲ. ಜಾತ್ರೆಯ ದಾರಿಯಲ್ಲಿ ಒಂದು ಗಾಡಿಯ ಹಿಂದೆ ನಿಂತ ಗಾಡಿಗಳಂತೆ ಎಲ್ಲರೂ ತೆವಳುತ್ತಾರೆ. ಲೇಖಕರು ಇದನ್ನು ಬೆಂಗಾವಲು ಸಾಲು ಎಂಬರ್ಥದ ಕಾನ್ವಾಯ್ ಎಂಬ ಹೆಸರಿನಿಂದ ಕರೆದರು. ಬೀಗವನ್ನು ಯಾರ ಕೈಗೂ ಒಪ್ಪಿಸದೆ ಸುಮ್ಮನೆ ಬಿಟ್ಟು, ಎಚ್ಚರವಿದ್ದವನು ಹಿಡಿದುಕೊಳ್ಳಲಿ ಎನ್ನುವುದೇ ಅವರು ಸೂಚಿಸಿದ ಪರಿಹಾರ. ನ್ಯಾಯಕ್ಕೂ ವೇಗಕ್ಕೂ ನಡುವಿನ ಈ ಜಗ್ಗಾಟ ಇಂದಿಗೂ ಮುಗಿದಿಲ್ಲ. ಇಂದು ಬಳಕೆಯಲ್ಲಿರುವ ಸಾಮಾನ್ಯ ಬೀಗಗಳು ಹೆಚ್ಚಾಗಿ 1979ರ ಆ ಸಲಹೆಯನ್ನೇ ಅನುಸರಿಸುತ್ತಿವೆ.

ಲಿನಕ್ಸ್ ಎಳೆಗಳ ಮೊದಲ ಹಂತ

ಎಳೆಗಳಿಗೆ ಸಂಬಂಧಿಸಿದ ಪಾಸಿಕ್ಸ್ ಮಾನದಂಡ 1995ರಲ್ಲಿ ಸಿದ್ಧವಾಯಿತು. ಅದನ್ನನುಸರಿಸಿ ಲಿನಕ್ಸ್‌ಗೆ ಮೊದಲ ವ್ಯಾಪಕ ಎಳೆ ಲೈಬ್ರರಿಯನ್ನು ರಚಿಸಿಕೊಟ್ಟವರು ಫ್ರಾನ್ಸಿನ ಇನ್‌ರಿಯಾ ಸಂಶೋಧನ ಸಂಸ್ಥೆಯ ಝಾವಿಯೇ ಲೆರ್ವಾ ಅವರು. ಒಕ್ಯಾಮಲ್ ಭಾಷೆಯ ನಿರ್ಮಾಪಕರಾಗಿ ಪ್ರಸಿದ್ಧರಾದ ಅವರು 1996ರಲ್ಲಿ ಹೊರತಂದ ಲಿನಕ್ಸ್‌ಥ್ರೆಡ್ಸ್ ಮುಂದೆ ಗ್ನೂ ಸಿ ಲೈಬ್ರರಿಯ, ಎಂದರೆ ಜಿಲಿಬ್‌ಸಿಯ, ಭಾಗವಾಯಿತು. ಅಂದಿನ ಕರ್ನಲ್ ಎಳೆಗಳಿಗಾಗಿ ಏನನ್ನೂ ವಿಶೇಷವಾಗಿ ಒದಗಿಸಿರಲಿಲ್ಲ. ಇದ್ದುದರಲ್ಲೇ ಸಾಗಬೇಕಿತ್ತು. ಹಾಗಾಗಿ ಬೀಗಕ್ಕಾಗಿ ಕಾಯುವ ಎಳೆಯನ್ನು ಮಲಗಿಸಲು ಮತ್ತು ಎಬ್ಬಿಸಲು ಸಿಗ್ನಲ್ ಎಂಬ ಹಳೆಯ ಸಂಜ್ಞಾವ್ಯವಸ್ಥೆಯನ್ನೇ ಬಳಸಿಕೊಳ್ಳಲಾಯಿತು. ಎಳೆಗಳನ್ನು ಹುಟ್ಟಿಸಲು ಒಂದು ಮೇಲ್ವಿಚಾರಕ ಎಳೆ ಬೇರೆ. ಒಂದೇ ತಂತ್ರಾಂಶದ ಎಳೆಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಪ್ರೋಸೆಸ್ ಸಂಖ್ಯೆ ಬರುತ್ತಿದ್ದುದು ಮಾನದಂಡಕ್ಕೆ ವಿರುದ್ಧವಾಗಿತ್ತು. ಈ ಲೈಬ್ರರಿಯನ್ನು ಮುಂದಿನವರು ಬಹಳವಾಗಿ ಟೀಕಿಸಿದ್ದಾರೆ. ಆದರೆ ಕರ್ನಲ್‌ನ ಸಹಕಾರವಿಲ್ಲದೆ ಒಬ್ಬ ವಿದ್ವಾಂಸರು ಕಟ್ಟಿದ ಈ ಕೃತಿ ಹಲವು ವರ್ಷಗಳ ಕಾಲ ಲಿನಕ್ಸ್ ಎಳೆಗಳ ಭಾರವನ್ನು ಹೊತ್ತಿತು ಎಂಬುದನ್ನು ಟೀಕಾಕಾರರು ಮರೆಯುವಂತಿಲ್ಲ.

ಫ್ಯೂಟೆಕ್ಸ್‌ನ ಉದಯ

2002ರ ಬೇಸಿಗೆಯಲ್ಲಿ ಕೆನಡಾದ ಒಟ್ಟಾವಾ ನಗರದಲ್ಲಿ ನಡೆದ ಲಿನಕ್ಸ್ ವಿಚಾರಗೋಷ್ಠಿಯಲ್ಲಿ ಹ್ಯೂಬರ್ಟಸ್ ಫ್ರಾಂಕೆ, ರಸ್ಟಿ ರಸಲ್ ಮತ್ತು ಮ್ಯಾಥ್ಯೂ ಕರ್ಕ್‌ವುಡ್ ಅವರು ಮಂಡಿಸಿದ ಪ್ರಬಂಧ ಈ ಇತಿಹಾಸದ ತಿರುವು. ಬಳಕೆದಾರನ ನೆಲೆಯ ಶೀಘ್ರ ಬೀಗ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಅವರು ಇದಕ್ಕೆ ಫ್ಯೂಟೆಕ್ಸ್ ಎಂದು ಹೆಸರಿಟ್ಟಿದ್ದರು. ಅಭಿವೃದ್ಧಿಯ ಹಂತದಲ್ಲಿದ್ದ 2.5.7ನೆಯ ಕರ್ನಲ್‌ನಲ್ಲಿ ಅದು ಆಗಲೇ ಸೇರಿತ್ತು. 2003ರ ಡಿಸೆಂಬರಿನಲ್ಲಿ ಬಿಡುಗಡೆಯಾದ 2.6ನೆಯ ಕರ್ನಲ್‌ನಿಂದ ಎಲ್ಲರ ಬಳಕೆಗೆ ಬಂತು.

ಫ್ಯೂಟೆಕ್ಸ್‌ನ ಹಿರಿಮೆ ಅದು ಮಾಡುವ ಕೆಲಸದಲ್ಲಿರುವಷ್ಟೇ ಮಾಡದಿರುವ ಕೆಲಸದಲ್ಲಿಯೂ ಇದೆ. ಬೀಗವೆಂಬುದು ಬಳಕೆದಾರನ ಸ್ಮೃತಿಯಲ್ಲಿರುವ ನಾಲ್ಕು ಬೈಟುಗಳ ಒಂದು ಸಾಮಾನ್ಯ ಸಂಖ್ಯೆ, ಅಷ್ಟೆ. ಯಾರೂ ಕಾಯದಿದ್ದಾಗ ಅಂತಹದೊಂದು ಬೀಗ ಇದೆಯೆಂಬುದೇ ಕರ್ನಲ್‌ಗೆ ತಿಳಿಯದು. ಆ ಸಂಖ್ಯೆಯ ಅರ್ಥವೇನು, ಬೀಗ ಯಾರದು ಎಂಬುದನ್ನೂ ಅದು ಕೇಳುವುದಿಲ್ಲ. ಕರ್ನಲ್ ಒದಗಿಸುವ ಮೂಲಸೇವೆಗಳು ಎರಡೇ. ಮೊದಲನೆಯದು ಕಾಯುವುದು: 'ಈ ವಿಳಾಸದಲ್ಲಿರುವ ಸಂಖ್ಯೆ ನಾನು ಕಂಡಷ್ಟೇ ಇನ್ನೂ ಇದ್ದರೆ ನನ್ನನ್ನು ಮಲಗಿಸು, ಬದಲಾಗಿದ್ದರೆ ಹಿಂದಕ್ಕೆ ಕಳುಹಿಸು.' ಎರಡನೆಯದು ಎಬ್ಬಿಸುವುದು: 'ಈ ವಿಳಾಸದ ಹೆಸರಿನಲ್ಲಿ ಮಲಗಿರುವವರಲ್ಲಿ ಇಷ್ಟು ಜನರನ್ನು ಎಬ್ಬಿಸು.' ಮೊದಲನೆಯದರಲ್ಲಿರುವ ಷರತ್ತೇ ಇಡೀ ರಚನೆಯ ಪ್ರಾಣ. ಎಳೆಯೊಂದು ಬೀಗ ಹಾಕಿರುವುದನ್ನು ಕಂಡು ಮಲಗಲು ಹೊರಡುತ್ತದೆ. ಅಷ್ಟರಲ್ಲಿ ಒಡೆಯ ಬೀಗ ತೆಗೆದು, ಮಲಗಿದವರಾರೂ ಇಲ್ಲವೆಂದು ಹೊರಟುಹೋಗುತ್ತಾನೆ. ಆಮೇಲೆ ಮಲಗಿದ ಎಳೆಯನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ಇದಕ್ಕೆ ಕಳೆದುಹೋದ ಕರೆ ಎಂದು ಹೆಸರು. ಮಲಗಿಸುವ ಮುನ್ನ ಕರ್ನಲ್ ತನ್ನ ಆಂತರಿಕ ಬೀಗದ ಕಾವಲಿನಲ್ಲಿ ಸಂಖ್ಯೆಯನ್ನು ಮತ್ತೊಮ್ಮೆ ನೋಡುವುದರಿಂದ ಆ ಸಂದು ಮುಚ್ಚಿಹೋಗುತ್ತದೆ.

ಆದರೆ ಉಳಿದ ಹೊಣೆಯೆಲ್ಲ ಲೈಬ್ರರಿಯ ಮೇಲೆ ಬಿತ್ತು. ಆ ಹೊಣೆ ಎಷ್ಟು ಸೂಕ್ಷ್ಮವೆಂಬುದನ್ನು ಜಿಲಿಬ್‌ಸಿಯ ಅಂದಿನ ಮುಖ್ಯಸ್ಥ ಉಲ್ರಿಚ್ ಡ್ರೆಪ್ಪರ್ ಅವರು ಒಂದು ಲೇಖನದಲ್ಲಿ ವಿವರಿಸಿದ್ದಾರೆ. ಫ್ಯೂಟೆಕ್ಸ್‌ಗಳು ತಂಟೆಯವು ಎಂಬ ಅರ್ಥದ ಶೀರ್ಷಿಕೆಯೇ ಅದರ ಸಾರವನ್ನು ಹೇಳುತ್ತದೆ. ಅವರು ಮೊದಲಿಗೆ ಯಾರಿಗಾದರೂ ತಟ್ಟನೆ ಹೊಳೆಯುವ ಬೀಗವೊಂದನ್ನು ಬರೆದು ತೋರಿಸುತ್ತಾರೆ. ಬಂದವರೆಲ್ಲ ಸಂಖ್ಯೆಯನ್ನು ಒಂದು ಏರಿಸುವುದು, ಹಿಂದಿನ ಬೆಲೆ ಸೊನ್ನೆಯಾಗಿದ್ದರೆ ಬೀಗ ದೊರೆತಂತೆ, ಇಲ್ಲವಾದರೆ ಮಲಗುವುದು. ಬಿಡುವಾಗ ಸೊನ್ನೆ ಬರೆದು ಒಬ್ಬನನ್ನು ಎಬ್ಬಿಸುವುದು. ನೋಡಲು ಲಕ್ಷಣವಾಗಿದೆ. ಆದರೆ ಅದರಲ್ಲಿ ದೋಷಗಳ ಸರಮಾಲೆಯೇ ಇದೆಯೆಂದು ಅವರು ಮುಂದೆ ತೋರಿಸುತ್ತಾರೆ. ಯಾರೂ ಕಾಯದಿದ್ದರೂ ಬಿಡುವವನು ಕರ್ನಲ್‌ಗೆ ಕರೆ ಹೋಗುತ್ತಾನೆ, ಆದ್ದರಿಂದ ಉಳಿತಾಯದ ಅರ್ಧ ಭಾಗ ಸೋರಿಹೋಗುತ್ತದೆ. ಇಬ್ಬರು ಕಾಯುವವರು ಸರದಿಯಂತೆ ಸಂಖ್ಯೆಯನ್ನು ಏರಿಸುತ್ತ ಹೋದರೆ, ಮಲಗುವ ಷರತ್ತು ಇಬ್ಬರಿಗೂ ತಪ್ಪುತ್ತ ಹೋಗಿ ಯಾರೂ ಮಲಗದೆ ಯಂತ್ರವನ್ನು ತಿನ್ನುತ್ತಿರಬಹುದು. ಹೀಗೆ ಏರುತ್ತ ಏರುತ್ತ ಸಂಖ್ಯೆ 32 ಬಿಟ್‌ಗಳ ಮಿತಿಯನ್ನು ದಾಟಿ ಸೊನ್ನೆಗೆ ಮರಳಿದರೆ ಬೀಗ ಇಬ್ಬರ ಕೈಗೂ ಸಿಕ್ಕೀತು.

ಅವರು ಕೊಟ್ಟ ಪರಿಹಾರದಲ್ಲಿ ಸಂಖ್ಯೆಗೆ ಮೂರೇ ಬೆಲೆಗಳು. ಸೊನ್ನೆಯೆಂದರೆ ಬೀಗ ತೆರೆದಿದೆ. ಒಂದು ಎಂದರೆ ಹಾಕಿದೆ, ಕಾಯುವವರಿಲ್ಲ. ಎರಡು ಎಂದರೆ ಹಾಕಿದೆ, ಕಾಯುವವರು ಇರಬಹುದು. 'ಇದ್ದಾರೆ' ಎಂದಲ್ಲ, 'ಇರಬಹುದು' ಎಂದು. ಈ ಒಂದು ಸಡಿಲಿಕೆಯಲ್ಲಿಯೇ ರಚನೆಯ ಜಾಣ್ಮೆ ಇದೆ. ಬಿಡುವವನು ಒಂದನ್ನು ಕಂಡರೆ ಸೊನ್ನೆ ಮಾಡಿ ಮೌನವಾಗಿ ಹೊರಡುತ್ತಾನೆ. ಎರಡನ್ನು ಕಂಡರೆ ಮಾತ್ರ ಕರ್ನಲ್‌ನ ಬಾಗಿಲು ತಟ್ಟುತ್ತಾನೆ. ಮಲಗಿ ಎದ್ದವನು ಬೀಗವನ್ನು ಹಿಡಿಯುವಾಗ ತನ್ನ ಹಿಂದೆ ಇನ್ನಾರಾದರೂ ಇದ್ದಾರೋ ಎಂಬುದನ್ನು ಅರಿಯಲಾರ, ಹಾಗಾಗಿ ಎಚ್ಚರಿಕೆಯಿಂದ ಎರಡನ್ನೇ ಬರೆಯುತ್ತಾನೆ. ಅದರಿಂದ ಆಗೊಮ್ಮೆ ಈಗೊಮ್ಮೆ ಅನಗತ್ಯವಾದ ಒಂದು ಕರೆ ಹೋಗುತ್ತದೆ, ಆದರೆ ಯಾರೂ ಶಾಶ್ವತವಾಗಿ ಮಲಗಿ ಉಳಿಯುವುದಿಲ್ಲ. ಈ ಮೂರು ಬೆಲೆಗಳ ಬೀಗವೇ ಮುಂದೆ ಅನೇಕ ಲೈಬ್ರರಿಗಳಿಗೆ ಮಾದರಿಯಾಯಿತು.

ಡ್ರೆಪ್ಪರ್ ಮತ್ತು ಇಂಗೋ ಮೊಲ್ನಾರ್ ಅವರು ರೆಡ್‌ಹ್ಯಾಟ್ ಸಂಸ್ಥೆಯಲ್ಲಿದ್ದುಕೊಂಡು ಫ್ಯೂಟೆಕ್ಸ್‌ನ ತಳಹದಿಯ ಮೇಲೆ ಎನ್‌ಪಿಟಿಎಲ್ ಎಂಬ ಹೊಸ ಎಳೆ ಲೈಬ್ರರಿಯನ್ನು ಕಟ್ಟಿ 2002ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಒಂದು ಲಕ್ಷ ಎಳೆಗಳನ್ನು ಹುಟ್ಟಿಸಿ ಮುಗಿಸಲು ಹಿಂದೆ ಸುಮಾರು 15 ನಿಮಿಷ ಹಿಡಿಯುತ್ತಿದ್ದರೆ, ಈಗ 2 ಸೆಕೆಂಡು ಸಾಕೆಂದು ಅವರು ತಿಳಿಸಿದರು. ಅದೇ ಕಾಲಕ್ಕೆ ಐಬಿಎಂ ನೇತೃತ್ವದಲ್ಲಿ ಎನ್‌ಜಿಪಿಟಿ ಎಂಬ ಪ್ರತಿಸ್ಪರ್ಧಿ ಯೋಜನೆಯೂ ನಡೆದಿತ್ತು. ಅನೇಕ ಎಳೆಗಳನ್ನು ಕೆಲವೇ ಕರ್ನಲ್ ಎಳೆಗಳ ಮೇಲೆ ಹಂಚುವ ಸಂಕೀರ್ಣ ವಿಧಾನ ಅದರದು. ಎನ್‌ಪಿಟಿಎಲ್ ಒಂದಕ್ಕೆ ಒಂದು ಎಂಬ ಸರಳ ಮಾರ್ಗವನ್ನು ಹಿಡಿದು ಗೆದ್ದಿತು, 2003ರಲ್ಲಿ ಎನ್‌ಜಿಪಿಟಿಯನ್ನು ಕೈಬಿಡಲಾಯಿತು. ಫ್ಯೂಟೆಕ್ಸನ್ನು ರೂಪಿಸಿದ ಫ್ರಾಂಕೆ ಮತ್ತು ರಸಲ್ ಅವರು ಆಗ ಐಬಿಎಂನಲ್ಲೇ ಇದ್ದವರು. ಆ ಸಂಸ್ಥೆಯ ಯೋಜನೆಯನ್ನು ಸೋಲಿಸಿದ ಲೈಬ್ರರಿಗೆ ಅಡಿಗಲ್ಲು ದೊರೆತದ್ದು ಅಲ್ಲಿಂದಲೇ ಎಂಬುದು ಸ್ವಾರಸ್ಯದ ಸಂಗತಿ. 2006ರ ಜಿಲಿಬ್‌ಸಿ 2.4ರ ಹೊತ್ತಿಗೆ ಲಿನಕ್ಸ್‌ಥ್ರೆಡ್ಸ್ ಮೂಲದಿಂದಲೇ ನಿವೃತ್ತವಾಯಿತು.

2006ರಲ್ಲಿಯೇ ಫ್ಯೂಟೆಕ್ಸ್‌ಗೆ ಎರಡು ಸೇರ್ಪಡೆಗಳಾದವು. ಬೀಗ ಹಿಡಿದ ಎಳೆ ಸತ್ತರೆ ಅದನ್ನು ಉಳಿದವರಿಗೆ ತಿಳಿಸುವ ವ್ಯವಸ್ಥೆ 2.6.17ರಲ್ಲಿ ಬಂತು. ಆದ್ಯತೆಯ ಅನುವಂಶಿಕತೆ 2.6.18ರಲ್ಲಿ ಬಂತು. ಎರಡನೆಯದರ ಅಗತ್ಯವನ್ನು ಜಗತ್ತಿಗೆ ಮನಗಾಣಿಸಿದುದು 1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿದ ಪಾತ್‌ಫೈಂಡರ್ ನೌಕೆ. ಕೆಳ ಆದ್ಯತೆಯ ಹವಾಮಾನ ಕಾರ್ಯಧಾರೆ ಬೀಗ ಹಿಡಿದಿರುವಾಗ ಮಧ್ಯಮ ಆದ್ಯತೆಯವು ಅದನ್ನು ಓಡಗೊಡದೆ, ಬೀಗಕ್ಕಾಗಿ ಕಾದ ಉನ್ನತ ಆದ್ಯತೆಯ ಕಾರ್ಯಧಾರೆ ಗಡುವು ತಪ್ಪಿ, ನೌಕೆಯ ಗಣಕ ಮತ್ತೆ ಮತ್ತೆ ಮರುಪ್ರಾರಂಭವಾಗುತ್ತಿತ್ತು. ಕಾಯುವವನ ಆದ್ಯತೆಯನ್ನು ಬೀಗದ ಒಡೆಯನಿಗೆ ತಾತ್ಕಾಲಿಕವಾಗಿ ಕೊಡುವ ಈ ಉಪಾಯವನ್ನು ಲೂಯಿ ಶಾ, ರಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಜ್ಕಿ ಅವರು 1990ರಲ್ಲೇ ವಿವರಿಸಿದ್ದರು. ನೌಕೆಯ ತಂತ್ರಾಂಶದಲ್ಲಿಯೂ ಆ ಸೌಲಭ್ಯ ಇತ್ತು, ಆ ಬೀಗಕ್ಕೆ ಮಾತ್ರ ಅದನ್ನು ಚಾಲೂ ಮಾಡಿರಲಿಲ್ಲ. ಭೂಮಿಯಿಂದಲೇ ಅದನ್ನು ಚಾಲೂ ಮಾಡಲಾಯಿತು.

ಚುರುಕಿನ ಬೆಲೆ

ಪೈಪೋಟಿಯಿಲ್ಲದ ಬೀಗದ ವೆಚ್ಚ ಇಳಿದ ಮೇಲೆ ಗಮನ ಪೈಪೋಟಿಯಿರುವ ಬೀಗಗಳತ್ತ ತಿರುಗಿತು. ಮಲಗುವ ಮುನ್ನ ತುಸು ಹೊತ್ತು ನಿಂತು ನೋಡುವುದು ಲಾಭಕರವೆಂಬ ವಿಚಾರ ಹಳೆಯದು. ಮಲಗಿ ಏಳಲು ತಗಲುವಷ್ಟೇ ಕಾಲ ನಿಂತು ನೋಡಿ, ಆಮೇಲೆ ಮಲಗಿದರೆ, ಒಟ್ಟು ನಷ್ಟ ಅತ್ಯುತ್ತಮ ಆಯ್ಕೆಯ ಎರಡರಷ್ಟನ್ನು ಮೀರದು ಎಂಬ ಲೆಕ್ಕದ ಆಧಾರದ ಮೇಲೆ ಅನ್ನಾ ಕಾರ್ಲಿನ್ ಮತ್ತು ಸಂಗಡಿಗರು 1991ರಲ್ಲಿ ಪ್ರಯೋಗಗಳನ್ನು ನಡೆಸಿದ್ದರು. ಅದೇ ವರ್ಷ ಜಾನ್ ಮೆಲ್ಲರ್-ಕ್ರಮ್ಮಿ ಮತ್ತು ಮೈಕೆಲ್ ಸ್ಕಾಟ್ ಅವರು ಪ್ರತಿಯೊಬ್ಬ ಕಾಯುವವನೂ ತನ್ನದೇ ಸ್ಮೃತಿಸ್ಥಾನವನ್ನು ನೋಡುತ್ತ ನಿಲ್ಲುವ ಸಾಲಿನ ಬೀಗವನ್ನು ಪ್ರಕಟಿಸಿದರು. 2006ರಲ್ಲಿ ಡೈಕ್‌ಸ್ಟ್ರಾ ಪ್ರಶಸ್ತಿ ಪಡೆದ ಆ ಲೇಖನದ ಸಂತತಿಯೇ 2015ರಲ್ಲಿ ಲಿನಕ್ಸ್ ಕರ್ನಲ್‌ನ ಆಂತರಿಕ ಬೀಗವಾಯಿತು.

ಈ ಕಥನದಲ್ಲಿ ಬೆಂಗಳೂರಿನ ಪಾತ್ರವೂ ಸಣ್ಣದಲ್ಲ. ಓದುವವರಿಗೆ ಬೀಗವೇ ಬೇಡವಾಗಿಸುವ ಆರ್‌ಸಿಯು ವಿಧಾನವನ್ನು ಪಾಲ್ ಮೆಕೆನ್ನಿ ಅವರೊಡನೆ ಲಿನಕ್ಸ್‌ಗೆ ತಂದವರಲ್ಲಿ ಐಬಿಎಂನ ಬೆಂಗಳೂರು ಕೇಂದ್ರದ ದೀಪಂಕರ್ ಶರ್ಮ ಪ್ರಮುಖರು. 2002ರ ಅಕ್ಟೋಬರಿನ 2.5.43ನೆಯ ಕರ್ನಲ್‌ನಲ್ಲಿ ಅದು ಸೇರಿತು. ಮುಂದೆ 2013ರ 3.12ನೆಯ ಕರ್ನಲ್‌ಗೆ, ಕೆವಿಎಂ ಎಂಬ ಮಿಥ್ಯಾಯಂತ್ರ ವ್ಯವಸ್ಥೆಯಲ್ಲಿ ಬೀಗಕ್ಕಾಗಿ ವ್ಯರ್ಥವಾಗಿ ಸುತ್ತುವುದನ್ನು ತಪ್ಪಿಸುವ ಸರದಿಬೀಗವನ್ನು ಒದಗಿಸಿದುದರಲ್ಲಿಯೂ ಅದೇ ಕೇಂದ್ರದ ತಂತ್ರಜ್ಞರ ದುಡಿಮೆಯಿದೆ.

ಚುರುಕುಗೊಳಿಸುವ ಯತ್ನವೇ ಮುಳುವಾದ ಪ್ರಸಂಗ ನಡೆದದ್ದು 2014ರಲ್ಲಿ. ಎಬ್ಬಿಸುವ ಕರೆ ಬಂದಾಗಲೆಲ್ಲ ಕರ್ನಲ್ ತನ್ನ ಆಂತರಿಕ ಬೀಗವನ್ನು ಹಿಡಿದು, ಮಲಗಿದವರ ಪಟ್ಟಿಯನ್ನು ತೆರೆದು ನೋಡುತ್ತಿತ್ತು. ಅನೇಕ ಸಲ ಪಟ್ಟಿ ಖಾಲಿ. ಖಾಲಿಯೆಂದು ಮೊದಲೇ ತಿಳಿಯುವಂತಾದರೆ ಆಂತರಿಕ ಬೀಗದ ಗೊಡವೆಯೇ ಬೇಡವೆಂದು 3.14ನೆಯ ಕರ್ನಲ್‌ನಲ್ಲಿ ಒಂದು ಸುಧಾರಣೆಯನ್ನು ಮಾಡಲಾಯಿತು. ಮಲಗಲು ಬಂದವನು ಮೊದಲು ಕಾಯುವವರ ಎಣಿಕೆಯನ್ನು ಏರಿಸಿ, ಆಮೇಲೆ ಬೀಗದ ಸಂಖ್ಯೆಯನ್ನು ನೋಡಬೇಕು. ಎಬ್ಬಿಸುವವನು ಮೊದಲು ಬೀಗದ ಸಂಖ್ಯೆಯನ್ನು ಬದಲಿಸಿ, ಆಮೇಲೆ ಎಣಿಕೆಯನ್ನು ನೋಡಬೇಕು. ಡೆಕ್ಕರ್ ಅವರ ಬಾವುಟಗಳ ನಿಯಮವೇ ಇದು. ಆದರೆ ಇಂದಿನ ಪ್ರೊಸೆಸರ್‌ಗಳು ಬರೆದುದನ್ನು ಕೂಡಲೇ ಹೊರಗೆ ಕಾಣಿಸುವುದಿಲ್ಲ. ಬರೆಹ ದಾರಿಯಲ್ಲಿರುವಾಗಲೇ ಮುಂದಿನ ಓದನ್ನು ಮುಗಿಸಿಬಿಡಬಲ್ಲವು. ಬಾವುಟ ಏರುವ ಮುನ್ನವೇ ಎದುರಿನವನನ್ನು ನೋಡಿ ಮುಗಿಸಿದಂತೆ. ಇದನ್ನು ತಡೆಯಲು ನಡುವೆ ಸ್ಮೃತಿತಡೆ ಎಂಬ ವಿಶೇಷ ಆದೇಶವನ್ನು ಇಡಬೇಕು. ಆ ತಡೆಯನ್ನು ಒದಗಿಸುವ ಉಪವಿಧಿಯಲ್ಲಿ ಹಂಚಿಕೆಯ ಫ್ಯೂಟೆಕ್ಸ್‌ಗಳ ಎರಡು ಬಗೆಗಳಿಗೆ ತಡೆ ದೊರೆಯುತ್ತಿತ್ತು. ಒಂದೇ ತಂತ್ರಾಂಶದೊಳಗಿನ ಖಾಸಗಿ ಫ್ಯೂಟೆಕ್ಸ್‌ಗಳು, ಎಂದರೆ ಬಳಕೆಯಲ್ಲಿ ಅತಿ ಹೆಚ್ಚಿನವು, ಯಾವ ಬಗೆಗೂ ಸೇರದೆ ತಡೆಯಿಲ್ಲದೆಯೇ ದಾಟಿಹೋಗುತ್ತಿದ್ದವು.

ಪರಿಣಾಮವಾಗಿ ಎಬ್ಬಿಸುವವನಿಗೆ ಕಾಯುವವರಿಲ್ಲವೆಂದು, ಮಲಗುವವನಿಗೆ ಬೀಗ ಹಾಕಿದೆಯೆಂದು ಏಕಕಾಲದಲ್ಲಿ ತೋರುವ ಸಾಧ್ಯತೆ ತೆರೆದುಕೊಂಡಿತು. 2002ರಲ್ಲಿ ಮುಚ್ಚಿದ ಸಂದು ಮತ್ತೆ ಬಾಯಿಬಿಟ್ಟಿತು. ಇದರ ಕೆಡುಕು ಎಂಥದೆಂದರೆ, ತಂತ್ರಾಂಶ ಬೀಳುವುದಿಲ್ಲ, ದೋಷಸಂದೇಶ ಬರುವುದಿಲ್ಲ. ಬೀಗ ತೆರೆದೇ ಇರುತ್ತದೆ, ಎಳೆ ಅದಕ್ಕಾಗಿ ಮಲಗಿಯೇ ಇರುತ್ತದೆ. ತಮ್ಮ ಬರಹದಲ್ಲಿಯೇ ತಪ್ಪಿರಬೇಕೆಂದು ಹುಡುಕುವ ತಂತ್ರಜ್ಞರಿಗೆ ಅಲ್ಲಿ ಯಾವ ತಪ್ಪೂ ಸಿಗದು. ಆಂಡ್ರಾಯ್ಡ್ ಲೈಬ್ರರಿಯ ಬೀಗಗಳು 64 ಬಿಟ್‌ಗಳ ಆರ್ಮ್ ಯಂತ್ರದಲ್ಲಿ ಹೀಗೆ ಸಿಕ್ಕಿಬಿದ್ದುದರಿಂದ ದೋಷ ಬಯಲಾಯಿತು, 2014ರ ಅಕ್ಟೋಬರಿನಲ್ಲಿ ಕ್ಯಾಟಲಿನ್ ಮರಿನಾಸ್ ಅವರು ಬೆರಳೆಣಿಕೆಯ ಸಾಲುಗಳಲ್ಲಿ ಅದನ್ನು ಸರಿಪಡಿಸಿದರು. ಅಷ್ಟರಲ್ಲಿ ಮೂಲ ಸುಧಾರಣೆಯನ್ನು ಕೆಲವು ವಿತರಕರು ತಮ್ಮ ಹಳೆಯ ಕರ್ನಲ್‌ಗಳಿಗೂ ಅಳವಡಿಸಿಕೊಂಡಿದ್ದರು. ದುರಸ್ತಿ ಅವುಗಳನ್ನು ಅಷ್ಟೇ ವೇಗದಲ್ಲಿ ತಲಪಲಿಲ್ಲ. ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್‌ಗಳ ಸರ್ವರ್‌ಗಳಲ್ಲಿ ಜಾವಾ ತಂತ್ರಾಂಶಗಳು ಕಾರಣವಿಲ್ಲದೆ ಸ್ತಬ್ಧವಾಗುತ್ತಿರುವುದರ ಮೂಲ ಇದೇ ಎಂದು ಗಿಲ್ ಟೆನೆ ಅವರು 2015ರ ಮೇ ತಿಂಗಳಲ್ಲಿ ಎಚ್ಚರಿಸಿದ ಮೇಲೆಯೇ ಅನೇಕ ಸಂಸ್ಥೆಗಳಿಗೆ ವಿಷಯ ತಿಳಿದದ್ದು.

ಬೀಗವನ್ನು ಹಿಡಿಯದೆಯೇ ಹಿಡಿದಂತೆ ನಟಿಸಿ, ಘರ್ಷಣೆಯಾದರೆ ಮಾತ್ರ ಹಿಂದಕ್ಕೆ ಸರಿಯುವ ಇನ್ನೊಂದು ಮಾರ್ಗವೂ ಈ ಅವಧಿಯಲ್ಲಿ ಬಂದಿತ್ತು. ಇಂಟೆಲ್‌ನ ಟಿಎಸ್‌ಎಕ್ಸ್ ಆದೇಶಗಳನ್ನು ಬಳಸಿ 2013ರ ಜಿಲಿಬ್‌ಸಿ 2.18ರಲ್ಲಿ ಇದನ್ನು ಅಳವಡಿಸಲಾಯಿತು. ಮರುವರ್ಷದ ಆಗಸ್ಟಿನಲ್ಲಿ ಪ್ರೊಸೆಸರ್‌ನಲ್ಲೇ ದೋಷವಿದೆಯೆಂದು ಇಂಟೆಲ್ ಒಪ್ಪಿಕೊಂಡು ಆ ಆದೇಶಗಳನ್ನು ನಿಷ್ಕ್ರಿಯಗೊಳಿಸಿತು. ಲೈಬ್ರರಿ ಸರಿಯಿದ್ದೂ ಕೆಳಗಿನ ಯಂತ್ರ ಕೈಕೊಟ್ಟ ಉದಾಹರಣೆ ಇದು.

ಷರತ್ತುಚರ ಮತ್ತು ಕದ್ದ ಕರೆ

ಬೀಗಕ್ಕಿಂತ ಜಟಿಲವಾದುದು ಷರತ್ತುಚರ, ಎಂದರೆ ಕಂಡಿಷನ್ ವೇರಿಯಬಲ್. ಒಂದು ಸ್ಥಿತಿ ಒದಗುವವರೆಗೆ ಕಾಯುವ ಎಳೆಗಳಿಗೆ ಕರೆ ಕಳುಹಿಸುವ ಸಾಧನವಿದು. ಹಳೆಯ ರಚನೆಯಲ್ಲಿ, ಕರೆ ಬಂದ ಮೇಲೆ ಕಾಯಲು ಬಂದ ಎಳೆ ಮೊದಲಿನಿಂದ ಕಾದವನ ಕರೆಯನ್ನು ಕದಿಯಬಹುದಿತ್ತು, ಅದು ಮಾನದಂಡಕ್ಕೆ ಹೊಂದುತ್ತಿರಲಿಲ್ಲ. 2017ರ ಫೆಬ್ರವರಿಯ ಜಿಲಿಬ್‌ಸಿ 2.25ರಲ್ಲಿ ಟೋರ್ವಾಲ್ಡ್ ರೀಗೆಲ್ ಅವರ ಹೊಸ ರಚನೆ ಬಂತು. ಕಾಯುವವರನ್ನು ಹಳಬರು, ಹೊಸಬರು ಎಂದು ಎರಡು ಗುಂಪು ಮಾಡಿ, ಹೊಸಬನೊಬ್ಬ ಹಳಬನ ಕರೆಯನ್ನು ಅರಿಯದೆ ತೆಗೆದುಕೊಂಡಿದ್ದರೆ ಅದನ್ನು ಮರಳಿಸುವ ಏರ್ಪಾಡು ಅದರಲ್ಲಿತ್ತು. ಮೂಲಪಾಠದಲ್ಲಿ ಸುದೀರ್ಘ ಟಿಪ್ಪಣಿಗಳಿದ್ದವು, ಅನುಭವಿಗಳು ಪರಿಶೀಲಿಸಿದ್ದರು. ಹೀಗಿದ್ದೂ 2020ರ ಏಪ್ರಿಲ್‌ನಲ್ಲಿ ಕರೆ ಕಳೆದುಹೋಗುತ್ತಿದೆಯೆಂಬ ದೂರು ದಾಖಲಾಯಿತು.

ಅದೇ ವರ್ಷ ಮಾಲ್ಟೆ ಸ್ಕರುಪ್ಕೆ ಅವರು ಈ ರಚನೆಯನ್ನು ಟಿಎಲ್‌ಎ ಪ್ಲಸ್ ಎಂಬ ವಿಧ್ಯುಕ್ತ ಭಾಷೆಯಲ್ಲಿ ಬರೆದು, ಸಾಧ್ಯವಿರುವ ಹೆಣಿಕೆಗಳನ್ನೆಲ್ಲ ಯಂತ್ರದಿಂದಲೇ ಪರೀಕ್ಷಿಸಿ ದೋಷವನ್ನು ಖಚಿತಪಡಿಸಿದರು. ಕರೆಯನ್ನು ಮರಳಿಸುವ ಆ ಎಚ್ಚರಿಕೆಯ ಹಂತದಲ್ಲಿಯೇ ತಪ್ಪು ಅಡಗಿತ್ತು. ಟಿಎಲ್‌ಎ ಪ್ಲಸ್‌ನ ಜನಕ ಲೆಸ್ಲಿ ಲ್ಯಾಂಪೋರ್ಟ್ ಅವರು 1974ರಲ್ಲಿ ಬೇಕರಿಯ ಸರದಿಚೀಟಿಯನ್ನು ಅನುಸರಿಸಿ ಪರಸ್ಪರ ವರ್ಜನೆಗೆ ಪರಿಹಾರ ಕೊಟ್ಟವರೇ.

ಈ ನಡುವೆ ಕೆಲವರು ಪಾಸಿಕ್ಸ್ ಲೈಬ್ರರಿಯನ್ನೇ ಬಿಟ್ಟು ನೇರವಾಗಿ ಫ್ಯೂಟೆಕ್ಸ್‌ಗೆ ಮರಳಿದ್ದರು. ರಸ್ಟ್ ಭಾಷೆಯ ಮೂಲ ಲೈಬ್ರರಿ 2022ರ ಜೂನ್ 30ರಂದು ಬಂದ 1.62ನೆಯ ಆವೃತ್ತಿಯಲ್ಲಿ, ಮಾರಾ ಬಾಸ್ ಅವರ ನೇತೃತ್ವದಲ್ಲಿ, ಲಿನಕ್ಸ್‌ನ ಬೀಗಗಳನ್ನು ಹೊಸದಾಗಿ ಬರೆಯಿತು. ಬೀಗದ ಆಂತರಿಕ ಗಾತ್ರ 40 ಬೈಟುಗಳಿಂದ 5ಕ್ಕೆ, ಷರತ್ತುಚರದ್ದು 48ರಿಂದ 4ಕ್ಕೆ ಇಳಿಯಿತು. ಅದರ ಒಳಗಿರುವುದು ಅದೇ ಸೊನ್ನೆ, ಒಂದು, ಎರಡು. ಮಲಗುವ ಮುನ್ನ ಸುಮಾರು ನೂರು ಸಲ ನೋಡುವ ತಾಳ್ಮೆಯೂ ಉಂಟು.

ಜಿಲಿಬ್‌ಸಿಯ ದೋಷಕ್ಕೆ ದುರಸ್ತಿ ಸಿದ್ಧವಾಗಿದ್ದರೂ ಅದನ್ನು ಒಪ್ಪಿ ಸೇರಿಸಲು ವರ್ಷಗಳೇ ಹಿಡಿದವು. ತಪ್ಪಿದ್ದ ರಚನೆಯನ್ನು ಬದಲಿಸುವ ಭಯ, ತಪ್ಪು ಉಳಿಯುವ ಭಯಕ್ಕಿಂತ ದೊಡ್ಡದಾಗಿತ್ತೆಂದು ಊಹಿಸಲು ಅವಕಾಶವಿದೆ. ಕೊನೆಗೆ 2025ರ ಜನವರಿಯಲ್ಲಿ ಬಿಡುಗಡೆಯಾದ 2.41ನೆಯ ಆವೃತ್ತಿಯಲ್ಲಿ ಎಣಿಕೆಯ ಕ್ರಮವನ್ನು ಬದಲಿಸಿ, ಕರೆಯನ್ನು ಕದಿಯುವ ಸಂದರ್ಭವೇ ಏಳದಂತೆ ಮಾಡಲಾಯಿತು. ಕದ್ದುದನ್ನು ಮರಳಿಸಲೆಂದು 2017ರಲ್ಲಿ ಬರೆದಿದ್ದ ಸಾಲುಗಳನ್ನು ತೆಗೆದುಹಾಕಲಾಯಿತು.